ಸೊಸೆಗೆ ಎರವಲು ಕೊಟ್ಟ ಹೊತ್ತು

ಇಂಗ್ಲೀಷಿನಲ್ಲಿ ನನಗೆ ಮೊದಲು ಬಂದ ಮಾತು 'ಲೇಟ್'. ಕಲಿಸಿದವರು ಮೇಷ್ಟ್ರಲ್ಲ, ಬಸ್ಸಿನ ಕಂಡಕ್ಟರ್. ಬ್ರಹ್ಮಾವರದಲ್ಲಿ ನಾನು ಮೀನಿನ ಬುಟ್ಟಿ ಹತ್ತಿಸುವಾಗ ಅವನು ಬಾಗಿಲಿನ ಕಂಬಿಗೆ ಜೋತು ಬಿದ್ದು, "ಬೇಗ ಹತ್ತಿ ಮಾರ್ರೆ, ಲೇಟ್ ಆತ್ತ್!" ಎಂದು ಕೂಗುತ್ತಿದ್ದ. ಬಸ್ಸು ಕುಂದಾಪುರ ಮುಟ್ಟುವವರೆಗೂ ಅವನ ಬಾಯಲ್ಲಿ ಅದೊಂದೇ ಮಾತು.

ಎರಡನೇ ಮಾತು ಸಿಕ್ಕಿದ್ದು ಬಸ್ ಸ್ಟ್ಯಾಂಡಿನಲ್ಲಿ. ಅಲ್ಲಿ ಒಬ್ಬರು ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಅವರಿಗೆ ಟೈಮ್ ಕೀಪರ್ ಅನ್ನುತ್ತಿದ್ದರು. ಹಾಗಂದರೆ ಹೊತ್ತನ್ನು ಇಟ್ಟುಕೊಂಡವರು ಎಂದು ಯಾರೋ ಹೇಳಿದರು. ಎಲ್ಲಿ ಇಟ್ಟುಕೊಂಡಿದ್ದಾರೆ ನೋಡುವ ಎಂದು ಒಂದು ದಿನ ಮೀನು ಮಾರಿ ಮುಗಿದ ಮೇಲೆ ಹತ್ತಿರ ಹೋಗಿ ನಿಂತೆ. ಒಂದು ಕೈಗಡಿಯಾರ, ಒಂದು ಸೀಟಿ, ಒಂದು ಕೊಡೆ, ಇಷ್ಟೇ ಇದ್ದದ್ದು. ಆದರೆ ಅವರ ಎದುರೇ ಎರಡು ಬಸ್ಸಿನವರು ಒಂದು ನಿಮಿಷದ ಸಲುವಾಗಿ ಕಾಲರ್ ಹಿಡಿದುಕೊಂಡರು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ನಮ್ಮಲ್ಲಿ ಇಳಿತದ ಹೊತ್ತಿಗೆ ಬಾ ಎಂದು ಒಬ್ಬನಿಗೆ ಹೇಳಿದರೆ ಅರ್ಧ ಬೆಳಗು ಕಳೆದು ಬಂದರೂ ಯಾರೂ ಯಾರ ಕಾಲರನ್ನೂ ಮುಟ್ಟುವುದಿಲ್ಲ.

ನಮ್ಮದು ಕುದ್ರು. ಹಂಗಾರಕಟ್ಟೆಯ ಬದಿಯಲ್ಲಿ ಹೊಳೆಯ ನಡುವೆ ಇರುವ ತುಂಡು ಭೂಮಿ. ಆ ವರ್ಷಗಳಲ್ಲಿ ಸೇತುವೆ ಇರಲಿಲ್ಲ, ಹೊರಗೆ ಹೋಗಬೇಕೆಂದರೆ ದೋಣಿಯೇ. ಸಮುದ್ರದ ಭರತ ಬಂದಾಗ ಹೊಳೆ ತುಂಬುತ್ತದೆ, ದೋಣಿ ತೇಲುತ್ತದೆ. ಇಳಿತ ಪೂರ್ತಿ ಆಯಿತೆಂದರೆ ನಮ್ಮ ಬದಿಯ ಕಾಲುವೆಯಲ್ಲಿ ಬರೀ ಕೆಸರು, ದೋಣಿ ಎಮ್ಮೆಯ ಹಾಗೆ ಬಿದ್ದುಕೊಂಡಿರುತ್ತದೆ. ನೀರು ಬರುವ ಹೊತ್ತು ದಿನಾ ಸ್ವಲ್ಪ ಮುಂದೆ ಹೋಗುತ್ತದೆ. ಹಾಗಾಗಿ ನಿನ್ನೆ ಹೋದ ಗಂಟೆಗೆ ಇವತ್ತು ಹೋಗಲಿಕ್ಕೆ ನಮಗೆ ಯಾವತ್ತೂ ಆದದ್ದಿಲ್ಲ.

ಆಮೇಲೆ ಹಂಚಿನ ಕಾರ್ಖಾನೆಗೆ ಹೋಗುವವರಿಂದ 'ಓವರ್ ಟೈಮ್' ಬಂತು. ಬೊಂಬಾಯಿ ಹೋಟೆಲಿನಿಂದ ರಜೆಗೆ ಬಂದವರು 'ಟೈಮ್ ಪಾಸ್' ತಂದರು. ಹೊತ್ತು ಮುಗಿದ ಮೇಲೆ ಇನ್ನಷ್ಟು ಹೊತ್ತು, ಮತ್ತೆ ಏನೂ ಮಾಡದೆ ಕಳೆಯುವ ಹೊತ್ತು. ಇಂಗ್ಲೀಷಿನವರ ಹತ್ತಿರ ಎಷ್ಟು ಬಗೆಯ ಹೊತ್ತು ಇರಬಹುದು ಎಂದು ಹೊಳೆಯಲ್ಲಿ ಬಗ್ಗಿ ಮಳಿ ಹೆಕ್ಕುವಾಗ ಯೋಚಿಸುತ್ತಿದ್ದೆ. ಮಳಿ ಅಂದರೆ ಮರಳಿನಲ್ಲಿ ಹೂತುಕೊಂಡಿರುವ ಚಿಪ್ಪು. ಅದನ್ನು ಹೆಕ್ಕುವವರಿಗೆ ಕೈ ಕಾಲಿಗೆ ಕೆಲಸ, ತಲೆಗೆ ರಜೆ.

ನಾನು ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ. ಇದನ್ನು ಬರೆದದ್ದು ನಾನೇ, ಒತ್ತಕ್ಷರ ತಿದ್ದಿದ್ದು ಮೊಮ್ಮಗಳು. ಈ ಮೊಮ್ಮಗಳು ನಾಲ್ಕು ವರ್ಷದವಳಿದ್ದಾಗ ನಡೆದದ್ದನ್ನು ಹೇಳುತ್ತೇನೆ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು.

ನನ್ನ ಸೊಸೆ ಗುಲ್ವಾಡಿಯವಳು. ಪಿಯುಸಿ ಪಾಸಾದವಳು. ನನ್ನ ಮಗ ಮೀನಿನ ಬೋಟಿನಲ್ಲಿ ವಾರಗಟ್ಟಲೆ ಸಮುದ್ರದಲ್ಲಿರುತ್ತಿದ್ದ. ಗಂಡ ಆಗಲೇ ತೀರಿಕೊಂಡಿದ್ದರು, ಮನೆಯಲ್ಲಿ ನಾನು, ಅವಳು, ಮಗು. ಅವಳಿಗೆ ಕುದ್ರು ಹಿಡಿಸಲಿಲ್ಲ. ಅದರಲ್ಲಿ ತಪ್ಪಿಲ್ಲ, ನನಗೂ ಹಿಡಿಸಿದ್ದಲ್ಲ, ಅಭ್ಯಾಸವಾದದ್ದು. ಬ್ರಹ್ಮಾವರದ ಹತ್ತಿರ ಒಂದು ಹೊಸ ಇಂಗ್ಲೀಷ್ ಶಾಲೆ ಶುರುವಾಗಿ, ಸಣ್ಣ ಮಕ್ಕಳಿಗೆ ಟೀಚರ್ ಬೇಕು ಎಂದು ಬೋರ್ಡು ಹಾಕಿದರು. ಇವಳು ಅರ್ಜಿ ಕೊಟ್ಟು ಬಂದಳು. ಬಂದವಳು ನನಗೆ ನೇರ ಹೇಳಿದಳು:

"ಅತ್ತೆ, ಇದ್ ಸಿಕ್ರೆ ಇಲ್ಲೇ ಇರ್ತೆ. ಸಿಕ್ದಿದ್ರೆ ಮಗು ಕರ್ಕಂಡ್ ಗುಲ್ವಾಡಿಗ್ ಹೋತೆ. ಅಮ್ಮನ ಸಂಗ್ತಿ ಗೇರ್ಬೀಜದ ಕಾರ್ಖಾನೆಗ್ ಹೋಪುದ್."

"ಬೀಜದ ಸೊನೆಗ್ ಕೈ ಕಪ್ಪಾತ್ತ್."

"ಆಯ್ಲಿ. ನೀರ್ ಕಾಯ್ದ್ ಕೂಕಂಬುದಕ್ಕಿಂತ ಒಳ್ಳೇದ್."

ಅವಳು ಹೆದರಿಸಲಿಕ್ಕೆ ಹೇಳಿದ್ದಲ್ಲ. ಅವಳು ಹೇಳಿದ್ದನ್ನು ಮಾಡುವವಳು ಎಂದು ನನಗೆ ಗೊತ್ತಿತ್ತು.

ಶಾಲೆಯವರು ಒಂದು ಪರೀಕ್ಷೆ ಇಟ್ಟಿದ್ದರು. ಎದುರು ನಿಂತು ಇಂಗ್ಲೀಷಿನಲ್ಲಿ ತನ್ನ ಒಂದು ಒಳ್ಳೆಯ ಅನುಭವ, ಒಂದು ಕೆಟ್ಟ ಅನುಭವ ಹೇಳಬೇಕು. ಹೇಳುವಾಗ ಹೊತ್ತಿನ ಮೇಲೆ ಇಂಗ್ಲೀಷಿನವರು ಆಡುವ ಮಾತುಗಳನ್ನು ಸೇರಿಸಬೇಕು. ಮಾತುಗಳನ್ನು ಅವಳು ಕುಂದಾಪುರದ ಇಂಗ್ಲೀಷ್ ಕ್ಲಾಸಿನಲ್ಲಿ ಕಲಿತು ಬಂದಿದ್ದಳು. ಅನುಭವ ಇರಲಿಲ್ಲ. ನಾನು ಜಗಲಿಯಲ್ಲಿ ಬೂತಾಯಿ ಮೀನು ಕೊಯ್ಯುತ್ತಿದ್ದೆ, ಎದುರು ಬಂದು ಕೂತಳು.

"ಅತ್ತೆ, ನಿಮ್ಗ್ ಎಂತಾರೂ ಒಳ್ಳೆ ಅನುಭವ ಇತ್ತಾ?"

"ಎಂತಕ್ಕೆ?"

"ನಂಗ್ ಬೇಕಿತ್ತ್. ನಂಗ್ ಎಂತದೂ ಆಯ್ಲಿಲ್ಲ."

"ಮದಿ ಆಯ್ತಲೆ ಹೆಣೆ."

"ಅದನ್ನ ಹೇಳುಕ್ ಆತಾ? ನಿಮ್ ಮಗ ಮಂಟಪದಂಗೆ ತೂಕಡಿಸ್ತಿದ್ರ್."

ಅವನು ಹಿಂದಿನ ದಿನವಷ್ಟೇ ಸಮುದ್ರದಿಂದ ಬಂದಿದ್ದ, ಅದೂ ಹೌದು. ನಾನು ಕೈ ತೊಳೆದುಕೊಂಡೆ. ಯಾರೂ ನನ್ನ ಹತ್ತಿರ ಅನುಭವ ಕೇಳಿದ್ದಿಲ್ಲ. ಮೀನು ತಾಜಾ ಇದೆಯಾ ಎಂದು ಕೇಳಿದ್ದಾರೆ. ಮೊದಲು ನೀನು ಕಲಿತ ಮಾತುಗಳನ್ನು ಹೇಳು ಎಂದೆ, ಯಾವ ಅಳತೆಯ ಪಾತ್ರೆ ಎಂದು ಗೊತ್ತಾದರೆ ತಾನೇ ಏನು ಹಾಕುವುದೆಂದು ನೋಡುವುದು.

ಅವಳು ಹೇಳಿದಳು. 'ಜಸ್ಟ್ ಇನ್ ಟೈಮ್', ಇನ್ನೇನು ಆಗಿಹೋಯಿತು ಅನ್ನುವಾಗ ಸರಿಯಾಗಿ ಬಂದು ಮುಟ್ಟುವುದು. 'ಕಿಲ್ಲಿಂಗ್ ಟೈಮ್', ಮಾಡಲಿಕ್ಕೆ ಏನೂ ಇಲ್ಲದೆ ಹೊತ್ತನ್ನು ಕೊಲ್ಲುವುದು. 'ಟೈಮ್ ಸ್ಟುಡ್ ಸ್ಟಿಲ್', ಹೊತ್ತು ನಿಂತುಬಿಡುವುದು. 'ಹಾರ್ಡ್ ಟೈಮ್', ಗಟ್ಟಿ ಹೊತ್ತು. ನನಗೆ ಕೇಳುತ್ತಾ ಕೇಳುತ್ತಾ ಆಸೆಯಾಯಿತು. ಕೊಲ್ಲುತ್ತಾರಂತೆ! ಯಾವುದರಿಂದ ಎಂದು ಕೇಳಿದೆ. ಅವಳು, "ಅದೆಲ್ಲ ಕೇಂಬುಕಿಲ್ಲೆ ಅತ್ತೆ" ಎಂದಳು.

ಸರಿಯಾಗಿ ಬಂದು ಮುಟ್ಟಿದ್ದು ನನ್ನ ಹತ್ತಿರ ಒಂದಿತ್ತು, ಹತ್ತಿರ ಹತ್ತಿರ. ಮದುವೆಯಾಗಿ ಕುದ್ರುವಿಗೆ ಬಂದ ಹೊಸತು. ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರದ ಮರಳ ದಿಣ್ಣೆಯಲ್ಲಿ ಮಳಿ ಹೆಕ್ಕಲಿಕ್ಕೆ ಹೋಗಿದ್ದೆ. ಜೊತೆಯವರೆಲ್ಲ ಸಾಕು ಎಂದು ದೋಣಿ ಹತ್ತಿದರು. ನನಗೆ ಆಸೆ ಹೆಚ್ಚು, ಇನ್ನೊಂದು ದೋಣಿಯಲ್ಲಿ ಬರುತ್ತೇನೆ ಎಂದೆ. ಇನ್ನೊಂದು ದೋಣಿ ಬರಲಿಲ್ಲ, ನೀರು ಬಂತು. ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ದಡದಲ್ಲಿ ಬಲೆ ಹೊಲಿಯುತ್ತಿದ್ದ ಗಂಡನನ್ನು ಕೂಗಿದೆ. ಗಾಳಿ ಆಚೆ ಬೀಸುತ್ತಿತ್ತು. ಬುಟ್ಟಿ ಬಿಟ್ಟು, ಸೀರೆ ಎತ್ತಿ ಕಟ್ಟಿ ಈಜಿದೆ. ಹೊಳೆಯ ನಡುವೆ ಬಲೆ ಕಟ್ಟಲಿಕ್ಕೆ ನೆಟ್ಟ ಕಂಬವೊಂದನ್ನು ತಬ್ಬಿಕೊಂಡು ಉಸಿರು ತಿರುಗಿಸಿಕೊಂಡೆ. ಮತ್ತೆ ಈಜಿ ದಡಕ್ಕೆ ಬಂದು ಸೀರೆ ಹಿಂಡುವಾಗ, ತಡವಾಗಿ ಕಂಡು ಹೊರಟ ಗಂಡನ ದೋಣಿ ಬಂತು. ಅವರು ಕೇಳಿದ ಮೊದಲ ಮಾತು, "ಮಳಿ ಎಲ್ಲಿತ್ತ್?"

ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ, "ಇದ್ ಒಳ್ಳೆ ಅನುಭವನಾ?" ಎಂದಳು.

"ಬದ್ಕಿದೆ ಅಲ್ದಾ?"

"ಹೌದ್. ಆರೆ ಮಾವ ಬಂದದ್ ಲೇಟ್. ಅವ್ರ್ ಮೊದ್ಲೇ ಬರ್ಕ್, ನೀವ್ ಮುಳ್ಗುವತಿಗೆ."

"ಬರ್ಲಿಲ್ಲ ಅಂದೆ ಅಲ್ದಾ?"

"ಇಂಗ್ಲೀಷಂಗೆ ಬತ್ರ್ ಅತ್ತೆ."

ಇದು ನನಗೆ ಇವತ್ತಿಗೂ ಆಶ್ಚರ್ಯ. ಇಂಗ್ಲೀಷಿನಲ್ಲಿ ಯಾರಾದರೊಬ್ಬರು ಸರಿಯಾದ ಹೊತ್ತಿಗೆ ಬರುತ್ತಾರೆ, ಅದಕ್ಕೊಂದು ಮಾತೇ ಮಾಡಿ ಇಟ್ಟಿದ್ದಾರೆ. ಯಾರೂ ಬಾರದೆ ಮುಳುಗಿದವರು ಮಾತು ಮಾಡಲಿಕ್ಕೆ ಉಳಿದಿರಲಿಕ್ಕಿಲ್ಲ.

ಕೆಟ್ಟ ಅನುಭವಕ್ಕೆ ನಾನು ಆಸ್ಪತ್ರೆಯದ್ದನ್ನು ಕೊಟ್ಟೆ. ತೊಂಬತ್ತೇಳರಲ್ಲಿ ಗಂಡ ದೋಣಿ ಕಟ್ಟುವಲ್ಲಿ ಕೆಲಸ ಮಾಡುವಾಗ ಅಟ್ಟಣೆಯಿಂದ ಬಿದ್ದು ಕಾಲು ಮುರಿದುಕೊಂಡರು. ಕುಂದಾಪುರದಲ್ಲಿ ಮಲಗಿಸಿದರು. ನಾನು ಹೊರಗೆ ಬೆಂಚಿನ ಮೇಲೆ. ಇಲ್ಲಿ ಹೊತ್ತನ್ನು ಕೊಲ್ಲುವ ಮಾತು ಸೇರಿಸು ಎಂದೆ. ಆದರೆ ನಡೆದದ್ದನ್ನು ಹೇಳುತ್ತಾ ಹೋದ ಹಾಗೆ ಅದು ಕೆಡಲೇ ಇಲ್ಲ. ತಲೆಯ ಮೇಲೆ ಫ್ಯಾನು. ಒಬ್ಬ ಕೆಟಲಿನಲ್ಲಿ ಚಾ ತಂದು ಕೊಡುತ್ತಿದ್ದ. ಯಾರ ಮನೆಯವರು ಎಳನೀರಿನ ಬೊಂಡ ತರುತ್ತಾರೆ, ಯಾರು ಬರೀ ಕೈಯಲ್ಲಿ ಬಂದು ಹೆಚ್ಚು ಅಳುತ್ತಾರೆ, ಎಲ್ಲ ನೋಡಿದೆ. ನೀರು ಏರಿತಾ ಇಳಿಯಿತಾ ಎಂದು ಎದ್ದು ನೋಡುವ ಕೆಲಸ ಇರಲಿಲ್ಲ. ಹುಟ್ಟಿದ ಮೇಲೆ ಹಾಗೆ ಕೂತದ್ದು ಅದೇ ಮೊದಲು.

"ಅತ್ತೆ, ಇದ್ ಕೆಟ್ಟ ಅನುಭವ ಆಯ್ಕ್."

"ಕಾಲ್ ಮುರ್ದದ್ ಅವ್ರದ್ದ್. ನಂಗೆಂತ?"

"ದೇವ್ರೇ! ಸ್ವಲ್ಪ ಬೇಜಾರಾರೂ ಮಾಡ್ಕಣಿ."

ಬೇರೆ ಇಲ್ಲವಾ ಎಂದು ಕೇಳಿದಳು. ಇತ್ತು. ನನ್ನ ಅಕ್ಕನನ್ನು ಬೈಂದೂರಿಗೆ ಕೊಟ್ಟಿತ್ತು. ಅವಳಿಗೆ ಕಾಯಿಲೆ ಜೋರು, ಈಗಲೇ ಬಾ ಎಂದು ಒಂದು ಬೆಳಿಗ್ಗೆ ಹೇಳಿ ಕಳಿಸಿದರು. ಹೊರಟು ನಿಂತಾಗ ಅಮಾವಾಸ್ಯೆಯ ಇಳಿತ, ಕಾಲುವೆ ಒಣಗಿತ್ತು. ಕೆಸರಿನಲ್ಲಿ ಇಳಿದರೆ ಎದೆಮಟ್ಟ ಹೂತುಹೋಗುವ ಜಾಗ. ದೋಣಿಯೊಳಗೆ ಕೂತು ನೀರು ಕಾದೆ. ಮಧ್ಯಾಹ್ನ ನೀರು ಬಂತು, ಆಮೇಲೆ ಬಸ್ಸು, ಮತ್ತೊಂದು ಬಸ್ಸು. ನಾನು ಬೈಂದೂರು ಮುಟ್ಟುವಾಗ ಅವಳನ್ನು ಸುಟ್ಟು ಬಂದವರು ಸ್ನಾನ ಮಾಡುತ್ತಿದ್ದರು.

ಸೊಸೆ ಮೆಲ್ಲಗೆ, "ಇದಕ್ಕೇ ಕಾಣಿ, ಟೈಮ್ ನಿಂತ್ ಹೋಯ್ತ್ ಅಂಬ್ರ್" ಎಂದಳು.

"ಸುಳ್ಳ್. ನಿಂತದ್ ನೀರ್. ಹೊತ್ ನಿಂತಿದ್ರೆ ಅವ್ಳ್ ನಂಗ್ ಸಿಕ್ತಿದ್ಲ್."

ಅವಳು "ಅದ್ ಬ್ಯಾಡ ಅತ್ತೆ, ಅದ್ ನಿಮ್ಮಲ್ಲೇ ಇರ್ಲಿ" ಎಂದು ಎದ್ದಳು. ಆಸ್ಪತ್ರೆಯದ್ದನ್ನೇ ತೆಗೆದುಕೊಂಡು, ಫ್ಯಾನು ತೆಗೆದು, ಚಾ ತೆಗೆದು, ಎರಡು ಹನಿ ಕಣ್ಣೀರು ಹಾಕಿ ಸರಿ ಮಾಡಿಕೊಂಡಳು. ಮುರಿದ ಕಾಲು ನನ್ನ ಗಂಡನದ್ದು, ಇಂಗ್ಲೀಷಿನಲ್ಲಿ ಅದು ಅವಳ ಅಪ್ಪನದ್ದಾಯಿತು.

ಶಾಲೆಯವರು ಬರಲಿಕ್ಕೆ ಹೇಳಿದ್ದು ಹತ್ತು ಗಂಟೆಗೆ. ಆ ದಿನ ನೀರು ಇದ್ದದ್ದು ಬೆಳಗಾಗುವಾಗ. ಹಾಗಾಗಿ ಅವಳು, ನಾನು, ಮಗು ಮೂರೂ ಜನ ಶಾಲೆಯ ಗೇಟು ತೆಗೆಯುವ ಮೊದಲೇ ಹೋಗಿ ಕೂತಿದ್ದೆವು. ಹೆಡ್ ಮೇಡಂ ಕಾರಿನಿಂದ ಇಳಿದು ನಮ್ಮನ್ನು ನೋಡಿ, "ಇಷ್ಟು ಬೇಗ ಬಂದಿದ್ದೀರಾ! ಪಂಕ್ಚುವಲ್ ಅಂದರೆ ಹೀಗಿರಬೇಕು" ಎಂದು ಬಹಳ ಮೆಚ್ಚಿಕೊಂಡರು. ಅವರು ಘಟ್ಟದ ಮೇಲಿನವರು. ಕಾಲುವೆಯ ವಿಷಯ ಹೇಳಲಿಕ್ಕೆ ಬಾಯಿ ತೆರೆದೆ. ಸೊಸೆ ನನ್ನ ಸೆರಗು ಜಗ್ಗಿದಳು.

ಮೆಚ್ಚಿಕೊಂಡವರು ಕರೆದದ್ದು ಮಧ್ಯಾಹ್ನ ಊಟ ಆದ ಮೇಲೆ. ಹೊತ್ತು ಕೊಟ್ಟವರಿಗೆ ಹೊತ್ತಿನ ಲೆಕ್ಕ ಇಲ್ಲ, ತೆಗೆದುಕೊಂಡವರಿಗೆ ಮಾತ್ರ ಎಂದು ಅವತ್ತು ತಿಳಿಯಿತು. ನಾನು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಜಗಲಿಯಲ್ಲಿ ಕಿಟಕಿಗೆ ಒರಗಿ ಕೂತೆ. ಒಳಗೆ ಸೊಸೆಯ ದನಿ ಮೊದಲು ಮೆಲ್ಲಗಿತ್ತು, ಆಮೇಲೆ ಏರಿತು. ಭಾಷೆ ಗೊತ್ತಿಲ್ಲದಿದ್ದರೂ ನನ್ನ ಹೊಳೆ ಎಲ್ಲಿ ಬಂತು, ಕಂಬ ಎಲ್ಲಿ ಬಂತು ಎಂದು ನನಗೆ ತಿಳಿಯುತ್ತಿತ್ತು. 'ಮೈ ಹಸ್ಬೆಂಡ್' ಎಂದಳು. 'ಜಸ್ಟ್ ಇನ್ ಟೈಮ್' ಎಂದಳು. ಒಳಗಿದ್ದವರು ಉಸಿರು ಬಿಟ್ಟದ್ದು ಕೇಳಿಸಿತು. ನನ್ನ ಗಂಡ ಸತ್ತು ಎಷ್ಟೋ ವರ್ಷದ ಮೇಲೆ ಕೊನೆಗೂ ಸರಿಯಾದ ಹೊತ್ತಿಗೆ ಬಂದು ಮುಟ್ಟಿದ್ದರು, ಅದೂ ನನ್ನ ಮಗನ ವೇಷದಲ್ಲಿ.

ಆಮೇಲೆ ಅವರು ಏನೋ ಕೇಳಿದರು. ಇವಳು ತಡವರಿಸಿದಳು. ಇನ್ನೊಂದು ಕೇಳಿದರು. ಮತ್ತೆ ತಡವರಿಸಿದಳು. ಬಾಯಿಪಾಠ ಮುಗಿದಿತ್ತು.

ಹೆಡ್ ಮೇಡಂ ಹೊರಗೆ ಬಂದರು. ಹಿಂದೆ ಸೊಸೆ, ಮುಖ ಕೆಂಪಾಗಿತ್ತು. ಮೇಡಂ ನನ್ನ ಹತ್ತಿರ ಬಗ್ಗಿ ಕೇಳಿದರು: "ಅಜ್ಜಿ, ನಿಮ್ಮ ಸೊಸೆ ಹೊಳೆಯಲ್ಲಿ ಮುಳುಗ್ತಾ ಇದ್ದಾಗ ನಿಮ್ಮ ಮಗ ಸರಿಯಾದ ಸಮಯಕ್ಕೆ ಬಂದ್ರಂತೆ, ಹೌದಾ?"

ನಾನು ಬಾಯಿಗೆ ಬಂದದ್ದನ್ನು ಹೇಳುವವಳು. ಇಡೀ ಕುದ್ರುವಿಗೆ ಗೊತ್ತು, ಸೊಸೆಗೆ ಎಲ್ಲರಿಗಿಂತ ಹೆಚ್ಚು ಗೊತ್ತು. ಅವಳು ಮೇಡಂ ಹಿಂದೆ ನಿಂತು ಕೈಬೆರಳು ಹಿಸುಕಿಕೊಳ್ಳುತ್ತಿದ್ದಳು.

"ಬಂದದ್ ಹೌದ್ ಮೇಡಂ" ಎಂದೆ. "ಗಂಡಸ್ರ್ ಬಪ್ಪುದೇ ಒಂದ್ ದೊಡ್ಡ ಸಂಗ್ತಿ ಅಲ್ದಾ?"

ಮೇಡಂ ಜೋರಾಗಿ ನಕ್ಕರು. ಅವರ ಮನೆಯಲ್ಲೂ ಹಾಗೇ ಇರಬೇಕು. ನಕ್ಕಾದ ಮೇಲೆ ಸೊಸೆಯ ಕಡೆ ತಿರುಗಿ ಹೇಳಿದರು: ಕತೆ ಹೇಳುವುದು ಚೆನ್ನಾಗಿದೆ, ಮಕ್ಕಳು ಕೇಳುತ್ತಾರೆ, ಇಂಗ್ಲೀಷು ಮಾತ್ರ ಸಾಲದು. 'ಫಾರ್ ದ ಟೈಮ್ ಬೀಯಿಂಗ್' ನರ್ಸರಿಯಲ್ಲಿ ಆಯಾ ಆಗಿ ಬರಲಿ, ಆಮೇಲೆ ನೋಡೋಣ.

ಹಿಂತಿರುಗಿ ಬಂದಾಗ ನೀರು ಇಳಿದಿತ್ತು. ದೋಣಿ ಹತ್ತುವ ಕಡವಿನ ಕಲ್ಲಿನ ಮೇಲೆ ಕೂತೆವು. ದೋಣಿಯವನು ಆಚೆ ದಡದಿಂದ, "ಹ್ವಾಯ್ ಅಕ್ಕಾ, ಕೂಕಣಿ, ನೀರ್ ಬರ್ಲಿ!" ಎಂದು ಕೂಗಿ ಮಲಗಿದ. ಸೊಸೆ ಚಪ್ಪಲಿಯ ಕೆಸರನ್ನು ಕಲ್ಲಿಗೆ ಬಡಿಯುತ್ತಿದ್ದಳು, ಕೆಸರು ಹೋದ ಮೇಲೂ ಬಡಿಯುತ್ತಿದ್ದಳು.

"ಆಯಾ! ಮಕ್ಳ್ ಸಿಂಬ್ಳ ಒರ್ಸುಕೆ ನಾನ್ ಪಿಯುಸಿ ಓದದ್ದಾ?"

"ಮನೆಯಂಗೂ ಒರ್ಸ್ತೆ ಅಲ್ದಾ?"

"ಮನೆಯಂಗೆ ನಾನ್ ತಾಯಿ. ನಂಗ್ ಬ್ಯಾಡ. ನಾಳೆ ಗುಲ್ವಾಡಿಗ್ ಹೋತೆ."

"ಆ ಮೇಡಂ ಹೇಳದ್ ಮಾತ್ ಎಂತದ್? ಫಾರ್ ಟೈಮ್?"

"ಸದ್ಯಕ್ಕೆ ಅಂದ್."

"ಸದ್ಯಕ್ಕೆ ಅಂದ್ರೆ ಎಷ್ಟ್?"

"ಹೇಳ್ಲಿಲ್ಲ."

"ನೀ ಕೇಣ್ಲಿಲ್ಯಾ?"

"ಹಾಂಗೆಲ್ಲ ಕೇಂಬುಕೆ ಆತಾ ಅತ್ತೆ?"

ಯಾಕೆ ಆಗುವುದಿಲ್ಲ ಎಂದು ನನಗೆ ತಿಳಿಯಲಿಲ್ಲ. ಬಸ್ಸಿನವರು ಒಂದು ನಿಮಿಷಕ್ಕೆ ಕಾಲರ್ ಹಿಡಿಯುತ್ತಾರೆ. ಇವಳು ಪಿಯುಸಿ ಓದಿ, ಅಳತೆ ಇಲ್ಲದ ಹೊತ್ತೊಂದನ್ನು ಸುಮ್ಮನೆ ಕೈಯೊಡ್ಡಿ ತೆಗೆದುಕೊಂಡು ಬಂದಿದ್ದಾಳೆ. ನೀರು ಕಾಯುವ ನಮಗಾದರೂ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಗೊತ್ತಿರುತ್ತದೆ. ನಾಳೆ ಒಂದು ದಿನ ತಡೆ, ಆಮೇಲೆ ಎಲ್ಲಿಗೆ ಬೇಕಾದರೂ ಹೋಗು ಎಂದೆ.

ಮರುದಿನ ಮೀನಿನ ಬುಟ್ಟಿ ಹೊತ್ತುಕೊಂಡೇ ಶಾಲೆಗೆ ಹೋದೆ. ಗೇಟಿನವನು ಮೂಗು ಮುಚ್ಚಿಕೊಂಡು, "ಮೀನ್ ಒಳ್ಗ್ ತಪ್ಪುಕಿಲ್ಲೆ" ಎಂದ. "ಹಾಂಗಾರೆ ನೀನೇ ಕಾಯ್. ಬೆಕ್ಕ್ ಬಂದ್ರೆ ಓಡ್ಸ್" ಎಂದು ಅವನ ಕುರ್ಚಿಯ ಪಕ್ಕವೇ ಬುಟ್ಟಿ ಇಳಿಸಿ ಒಳಗೆ ಹೋದೆ. ಮೇಡಂ ಗಾಬರಿಯಾಗಿ ಎದ್ದರು.

"ಮೇಡಂ, ಒಂದ್ ಮಾತ್ ಕೇಣುಕಿತ್ತ್. ಸದ್ಯಕ್ಕೆ ಅಂದ್ರೆ ಎಷ್ಟ್ ಸಮಯ?"

"ಅಂದ್ರೆ... ಸದ್ಯಕ್ಕೆ ಅಜ್ಜಿ. ಮುಂದೆ ನೋಡೋಣ ಅಂತ."

"ಅದಕ್ಕ್ ಒಂದ್ ಕೊನೆ ಇತ್ತಲೆ? ಮಳೆಗಾಲಕ್ಕೂ ಒಂದ್ ಕೊನೆ ಇತ್ತ್."

ಮೇಡಂ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಅವರೂ ಅದನ್ನು ಯೋಚಿಸಿರಲಿಲ್ಲ ಎಂದು ನನಗೆ ಕಂಡಿತು. ಆ ಮಾತು ಅವರ ಬಾಯಿಗೆ ಅಷ್ಟು ಅಭ್ಯಾಸವಾಗಿತ್ತು. ಕೊನೆಗೆ, "ಮಾರ್ಚ್ ತನಕ. ಅಷ್ಟರಲ್ಲಿ ಇಂಗ್ಲೀಷ್ ಸುಧಾರಿಸಿದರೆ ಜೂನಿಗೆ ಕ್ಲಾಸ್ ಕೊಡ್ತೇನೆ" ಎಂದರು.

ಮನೆಗೆ ಬಂದು, "ಮಾರ್ಚ್ ತನ್ಕ ಅಂಬ್ರ್. ಈಗ ಹೇಳ್, ಹೋತ್ಯಾ ಇಲ್ಯಾ?" ಎಂದೆ. ಅವಳು ಕಟ್ಟಿಟ್ಟ ಚೀಲದ ಮೇಲೆ ಕೂತಿದ್ದಳು. ನನ್ನನ್ನು ಕೇಳದೆ ಹೋಗಿ ಕೇಳಿದಿರಲ್ಲ ಎಂದು ಬೈದಳು. ಆಮೇಲೆ ಚೀಲ ಬಿಚ್ಚಿದಳು.

ಸಿಂಬಳ ಒರೆಸಿದಳು. ಚಡ್ಡಿ ಬದಲಾಯಿಸಿದಳು. ನೀರು ಇಲ್ಲದ ದಿನ ಕೆಸರಿನ ಮೇಲೆ ಹೊಸದಾಗಿ ಅಡಿಕೆ ಮರದ ದಬ್ಬೆ ಹಾಕಿಸಿಕೊಂಡು, ಸೀರೆ ಮೊಣಕಾಲಿಗೆ ಎತ್ತಿ ದಾಟಿದಳು. ಟೀಚರುಗಳು ಮಕ್ಕಳ ಹತ್ತಿರ ಆಡುವ ಇಂಗ್ಲೀಷನ್ನು ಮನೆಗೆ ತಂದು ಮಗಳ ಮೇಲೆ, ಕೋಳಿಗಳ ಮೇಲೆ ಆಡಿದಳು.

ಮಾರ್ಚ್ ಬಂತು, ಮೇಡಂ ಇರಲಿಲ್ಲ. ಬೇರೆ ಊರಿಗೆ ಹೋಗಿದ್ದರು. ಅವರ ಕುರ್ಚಿಗೆ ಹೊಸ ಸರ್ ಬಂದಿದ್ದರು. ಅವರಿಗೆ ಹಿಂದಿನ ಮಾತು ಒಂದೂ ಗೊತ್ತಿಲ್ಲ. ಇವಳು ಕ್ಲಾಸ್ ಕೇಳಲಿಕ್ಕೆ ಹೋಗಿ ನಿಂತರೆ ಫೈಲಿನಿಂದ ತಲೆ ಎತ್ತದೆ, ಸದ್ಯಕ್ಕೆ ಹೀಗೇ ನಡೆಯಲಿ ಎಂದರಂತೆ. ಅದೇ ಇಂಗ್ಲೀಷಿನಲ್ಲಿ.

ಆ ಸಂಜೆ ನಾನು ಕಡವಿನಲ್ಲಿ ಕಾಯುತ್ತಿದ್ದೆ. ಇವಳು ದೋಣಿಯಿಂದ ಇಳಿದಳು. ಮುಖ ನೋಡಿದರೆ ಸಿಟ್ಟೋ ಖುಷಿಯೋ ತಿಳಿಯಲಿಲ್ಲ.

"ಎಂತ ಅಂದ್ರ್?"

"ಸದ್ಯಕ್ಕೆ ಅಂದ್ರ್."

"ನೀ?"

"'ಹೌ ಲಾಂಗ್, ಸರ್?' ಅಂದೆ. ಯೋಚ್ನೆ ಮಾಡ್ಲೇ ಇಲ್ಲ ಅತ್ತೆ, ಬಾಯಂಗೆ ಬಂತ್."

"ಅವ್ರ್?"

"ತಲೆ ಎತ್ತಿ ಕಂಡ್ರ್. ಮತ್ತೆ ಗೋಡೆ ಕ್ಯಾಲೆಂಡರ್ ಕಂಡ್ರ್. ಜೂನಿಂದ ಟೀಚರ್ ಅಂದ್ರ್. ಎಲ್‌ಕೆಜಿ ಅಂದ್ರ್. ಬರ್ದ್ ಕೊಡಿ ಅಂದೆ, ಬರ್ದ್ ಕೊಟ್ರ್."

"ಬರ್ದ್ ಕೊಡಿ ಅಂದದ್ದೂ ಇಂಗ್ಲೀಷಂಗೆಯಾ?"

"ಇಲ್ಲೆ. ಅಷ್ಟೊತ್ತಿಗ್ ಸಿಟ್ಟ್ ಬಂದಿತ್ತ್. ನಮ್ ಮಾತಂಗೇ ಹೇಳ್ದೆ."